ನೀರಿನ ಮೈಯನ್ನು ಅಳೆದ ಮೇಧಾವಿ

ಸರ್ ಚಂದ್ರಶೇಖರ ವೆಂಕಟರಾಮನ್ ಎಂದೊಡನೆ ನಮ್ಮ ನೆನಪಿಗೆ ಬರುವುದು 1930ರ ನೊಬೆಲ್ ಪಾರಿತೋಷಕ ಮತ್ತು ಬೆಳಕನ್ನು ಕುರಿತ ಅವರ ಮಹಾಶೋಧ. ಆದರೆ ಆ ಕೀರ್ತಿಗೆ ಎರಡು ದಶಕಗಳಿಗೂ ಹಿಂದೆ, ಹೆಚ್ಚುಕಡಿಮೆ ನಮ್ಮ ವಯಸ್ಸಿನ ತರುಣರಾಗಿದ್ದಾಗಲೇ, ಅವರು ದ್ರವದ ಮೇಲ್ಮೈ ಕರ್ಷಣವನ್ನು ಅಳೆಯುವ ವಿಧಾನವೊಂದರ ಮೇಲೆ ಲೇಖನ ಬರೆದಿದ್ದರೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಶಿಖರವನ್ನು ಮಾತ್ರ ನೋಡಿ ಮೆಟ್ಟಿಲುಗಳನ್ನು ಮರೆಯುವುದು ವಿದ್ಯಾರ್ಥಿಗಳಾದ ನಮಗೆ ತಕ್ಕುದಲ್ಲ.

ರಾಮನ್ನರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರಾಗಿದ್ದುದರಿಂದ ಮನೆಯಲ್ಲಿ ಪುಸ್ತಕಗಳಿದ್ದವು. ಬಾಲಕನಿಗೆ ಅದೇ ಮೊದಲ ಭಾಗ್ಯ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1904ರಲ್ಲಿ ಬಿ.ಎ. ಪದವಿಯನ್ನೂ 1907ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅವರ ಮೊದಲ ಸಂಶೋಧನಾ ಲೇಖನ 1906ರಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಅದು ಬೆಳಕಿಗೆ ಸಂಬಂಧಿಸಿದ್ದು. ಮರುವರ್ಷ ಅದೇ ಪತ್ರಿಕೆಯಲ್ಲಿ ಬಂದ ಲೇಖನವೇ ಮೇಲ್ಮೈ ಕರ್ಷಣದ್ದು. ಅದನ್ನು ಬರೆದವರು ಅವರೊಬ್ಬರೇ.

ಮೇಲ್ಮೈ ಕರ್ಷಣವೆಂದರೇನು? ಆಟಿ ತಿಂಗಳ ಮಳೆಯಲ್ಲಿ ಕೆಸುವಿನ ಎಲೆಯನ್ನು ನೋಡಿದವರಿಗೆಲ್ಲ ಇದು ಪರಿಚಿತ. ನೀರು ಅಲ್ಲಿ ಹರಡದೆ ಮುತ್ತಿನಂತೆ ಉರುಳುತ್ತದೆ. ಎಲೆಯನ್ನು ಸ್ವಲ್ಪ ಬಾಗಿಸಿದರೆ ಗುರುತೂ ಉಳಿಯದಂತೆ ಜಾರಿಹೋಗುತ್ತದೆ. ಅದೇ ನೀರು ಶುಚಿಯಾದ ಗಾಜಿನ ಮೇಲೆ ಬಿದ್ದರೆ ತೆಳುವಾಗಿ ಹಬ್ಬಿ ಅಂಟಿಕೊಳ್ಳುತ್ತದೆ. ನೀರಿನ ಅಣುಗಳು ಪರಸ್ಪರ ಸೆಳೆಯುವುದರಿಂದ ಅದರ ಮೈ ಬಿಗಿದ ಪೊರೆಯಂತೆ ಕುಗ್ಗಲು ಯತ್ನಿಸುತ್ತದೆ. ಘನವಸ್ತು ಅದನ್ನು ತನ್ನ ಕಡೆಗೆ ಸೆಳೆಯುತ್ತದೆ. ಈ ಎರಡು ಸೆಳೆತಗಳ ಜಗ್ಗಾಟದಲ್ಲಿ ಗೆದ್ದವರು ಯಾರೆಂಬುದನ್ನು ಹನಿಯ ಅಂಚು ಘನವಸ್ತುವಿನೊಡನೆ ಮಾಡುವ ಸ್ಪರ್ಶಕೋನ ತಿಳಿಸುತ್ತದೆ. ಗಾಜಿನ ಮೇಲೆ ಆ ಕೋನ ಸೊನ್ನೆಗೆ ಸಮೀಪ. ಕೆಸುವಿನ ಎಲೆಯ ಮೇಲೆ ಸುಮಾರು 150 ಅಂಶಗಳು. ಈ ಕೋನದ ತತ್ತ್ವವನ್ನು 1805ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್.

ಅಳೆಯುವ ಸುಲಭ ಮಾರ್ಗವೆಂದರೆ ಕೂದಲಿನಂಥ ಗಾಜಿನ ಕೊಳವೆಯಲ್ಲಿ ನೀರು ಎಷ್ಟು ಎತ್ತರ ಏರುತ್ತದೆಂದು ನೋಡುವುದು. ಆದರೆ ಗಾಜಿಗೆ ಬೆರಳಿನ ಜಿಡ್ಡು ತಗುಲಿದರೂ ಸ್ಪರ್ಶಕೋನ ಬದಲಾಗಿ ಲೆಕ್ಕ ತಪ್ಪುತ್ತದೆ. ಇನ್ನೊಂದು ಮಾರ್ಗವೂ ಉಂಟು. ದ್ರವದ ಮೈ ಎಷ್ಟು ಬಾಗಿದೆ, ಅದರ ಒಳಗಿನ ಮತ್ತು ಹೊರಗಿನ ಒತ್ತಡಗಳಿಗೆ ಎಷ್ಟು ವ್ಯತ್ಯಾಸವಿದೆ ಎಂದು ತಿಳಿದರೆ ಕರ್ಷಣ ಎಷ್ಟೆಂದು ಗಣಿತವೇ ಹೇಳುತ್ತದೆ. ರಾಮನ್ನರ ಲೇಖನ ಈ ಬಾಗುವಿಕೆಯ ಮಾರ್ಗವನ್ನು ಕುರಿತದ್ದು. ಶುದ್ಧ ನೀರಿಗೆ, 25 ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಈ ಕರ್ಷಣ ಸೆಂಟಿಮೀಟರಿಗೆ ಸುಮಾರು 72 ಡೈನ್. ಮದ್ಯಸಾರಕ್ಕೆ ಸುಮಾರು 22 ಮಾತ್ರ.

ಇಷ್ಟು ಪ್ರತಿಭೆಯಿದ್ದರೂ ಅಂದಿನ ಭಾರತದಲ್ಲಿ ವಿಜ್ಞಾನ ಅನ್ನ ಕೊಡುವ ವೃತ್ತಿಯಾಗಿರಲಿಲ್ಲ. ದೇಹಸ್ಥಿತಿಯ ಕಾರಣದಿಂದ ವಿದೇಶಯಾತ್ರೆಯೂ ಕೂಡಿಬರಲಿಲ್ಲ. ಅವರು ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಪ್ರಥಮರಾಗಿ ತೇರ್ಗಡೆ ಹೊಂದಿ, 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಅಲ್ಲಿ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆ ಅವರ ಕಣ್ಣಿಗೆ ಬಿತ್ತು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ. ಮುಂಜಾನೆ ಮತ್ತು ಸಂಜೆ ಸಂಘದಲ್ಲಿ ಪ್ರಯೋಗ. ಹೀಗೆ ಹಲವು ವರ್ಷ! 1917ರಲ್ಲಿ ಆಶುತೋಷ ಮುಖರ್ಜಿಯವರ ಆಹ್ವಾನದಂತೆ ಕಲ್ಕತ್ತೆ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿಯನ್ನು ಒಪ್ಪಿ, ಹೆಚ್ಚಿನ ಸಂಬಳದ ಸರ್ಕಾರಿ ಹುದ್ದೆಯನ್ನು ತ್ಯಜಿಸಿದರು.

ಮೇಲ್ಮೈಯ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ. 1921ರಲ್ಲಿ ಇಂಗ್ಲೆಂಡಿಗೆ ಹೋಗಿಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂಬುದು ಆಗಿನ ಪ್ರಬಲ ಅಭಿಪ್ರಾಯ. ರಾಮನ್ನರು ಹಡಗಿನ ಮೇಲಿಂದಲೇ ನಿಕೋಲ್ ಪಟ್ಟಕದ ಮೂಲಕ ನೋಡಿ, ನೀರಿನ ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದರು. ನೀಲಿ ಮಾಯವಾಗಲಿಲ್ಲ. ಹಾಗಾದರೆ ಬಣ್ಣ ಬರುವುದು ನೀರಿನ ಒಡಲಿನಿಂದಲೇ! ಅಣುಗಳು ಬೆಳಕನ್ನು ಚದರಿಸುವುದೇ ಕಾರಣವೆಂದು ಅವರು ವಾದಿಸಿದರು. ನೀರು ಕೆಂಪು ಬೆಳಕನ್ನು ಹೀರುವುದೂ ಮುಖ್ಯ ಕಾರಣವೆಂದು ಇಂದು ತಿಳಿದಿದೆ. 1925ರಲ್ಲಿ ಅವರೂ ಎಲ್. ಎ. ರಾಮದಾಸರೂ ದ್ರವಗಳ ಮೈಯಿಂದ ಚದರುವ ಬೆಳಕಿಗೂ ಮೇಲ್ಮೈ ಕರ್ಷಣಕ್ಕೂ ಇರುವ ಸಂಬಂಧವನ್ನು ಕುರಿತು ಬರೆದರು. ನಿಶ್ಚಲವಾಗಿ ಕಾಣುವ ನೀರಿನ ಮೇಲೂ ಕಣ್ಣಿಗೆ ಕಾಣದ ಅಲೆಗಳಿರುತ್ತವೆ. ಕರ್ಷಣ ಕಡಿಮೆಯಾದಷ್ಟೂ ಆ ಅಲೆಗಳು ಹೆಚ್ಚು. ಕಲ್ಕತ್ತೆಯ ಈ ಬೆಳಕಿನ ಅಭ್ಯಾಸಗಳ ಸಾಲಿನಲ್ಲೇ ಕೆ. ಎಸ್. ಕೃಷ್ಣನ್ನರ ಸಹಕಾರದೊಡನೆ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡುಬಂತು. 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದರು. 1937ರಲ್ಲಿ ಆ ಪದವಿಯನ್ನು ಬಿಡಬೇಕಾಯಿತಾದರೂ 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದು, ಬಳಿಕ ಮೈಸೂರು ಸರ್ಕಾರವಿತ್ತ ನೆಲದಲ್ಲಿ ಸ್ವಂತ ಸಂಶೋಧನಾಲಯವನ್ನು ಕಟ್ಟಿದರು. 1954ರಲ್ಲಿ ಭಾರತರತ್ನರಾದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಆ ಸಂಶೋಧನಾಲಯದ ತೋಟದಲ್ಲೇ ಅವರ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಸಮಾಧಿಯಿಲ್ಲ, ಒಂದು ಮರವಿದೆ.

ನಮ್ಮಲ್ಲಿ ಅನೇಕರು ಮನೆತನದ ಮೊದಲ ಪದವೀಧರರು. ಪದವಿಯಾದೊಡನೆ ಸರ್ಕಾರಿ ಪರೀಕ್ಷೆ, ನೌಕರಿ ಎಂಬುದೇ ಮನೆಯವರ ಆಸೆ. ಅದು ನ್ಯಾಯವೂ ಹೌದು. ರಾಮನ್ನರೂ ಪರೀಕ್ಷೆ ಬರೆದರು, ನೌಕರಿ ಮಾಡಿದರು. ಆದರೆ ನೌಕರಿ ದೊರೆತ ದಿನ ತಮ್ಮ ಪ್ರಶ್ನೆಯನ್ನು ಕೈಬಿಡಲಿಲ್ಲ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಓದುವ ನಮಗೆ ಅವರ ಗಣಿತ ಬರಲಿಕ್ಕಿಲ್ಲ. ಊರಿನ ಹಳೆಯ ಶಾಸನವೋ, ಸಂತೆಯ ಬೆಲೆಯೋ, ಅಜ್ಜಿಯ ಪಾಡ್ದನವೋ, ನಮ್ಮದೇ ಆದ ಒಂದು ಪ್ರಶ್ನೆಯನ್ನು ಮುಂಜಾನೆಯ ಒಂದು ಗಂಟೆ ಬಿಡದೆ ಹಿಡಿದಿಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.