ಬಿ. ಎಫ್. ಸ್ಕಿನ್ನರ್

ಬರ್ಹಸ್ ಫ್ರೆಡರಿಕ್ ಸ್ಕಿನ್ನರ್ (೨೦ ಮಾರ್ಚ್ ೧೯೦೪ – ೧೮ ಆಗಸ್ಟ್ ೧೯೯೦) ಅಮೆರಿಕದ ಮನೋವಿಜ್ಞಾನಿ, ವರ್ತನವಾದದ ಪ್ರಮುಖ ಪ್ರತಿಪಾದಕರು. ವರ್ತನೆಯು ಅದರಿಂದ ದೊರೆಯುವ ಫಲಕ್ಕನುಸಾರವಾಗಿ ಬಲಗೊಳ್ಳುತ್ತದೆ ಅಥವಾ ಕ್ಷೀಣಿಸುತ್ತದೆ ಎಂಬ ಅವರ ಸಿದ್ಧಾಂತಕ್ಕೆ ಕ್ರಿಯಾಜನ್ಯ ಅನುಬಂಧನ ಎಂದು ಹೆಸರು. ಇಲಿ, ಪಾರಿವಾಳಗಳ ಪ್ರಯೋಗಗಳಿಂದಲೇ ಅವರು ಹೆಚ್ಚು ಪರಿಚಿತರು. ದಂಡನೆಯಿಲ್ಲದೆ ತರಗತಿ ನಡೆಸುವ ಬಗೆಯನ್ನು ಕುರಿತ ಅವರ ಚಿಂತನೆಗೆ ಅಷ್ಟು ಗಮನ ದೊರೆತಿಲ್ಲ.

ಜೀವನ

ಪೆನ್ಸಿಲ್ವೇನಿಯಾದ ಸಸ್ಕ್ವಿಹಾನಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ವಕೀಲರು. ಹ್ಯಾಮಿಲ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ ೧೯೨೬ರಲ್ಲಿ ಪದವಿ ಪಡೆದ ಅವರಿಗೆ ಲೇಖಕನಾಗುವ ಹಂಬಲವಿತ್ತು, ಅದು ಕೈಗೂಡಲಿಲ್ಲ. ವಾಟ್ಸನ್ ಮತ್ತು ಪಾವ್ಲೋವರ ಕೃತಿಗಳಿಂದ ಪ್ರಭಾವಿತರಾಗಿ ಮನೋವಿಜ್ಞಾನದತ್ತ ತಿರುಗಿ, ೧೯೩೧ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮಿನ್ನೆಸೋಟ ಮತ್ತು ಇಂಡಿಯಾನಾಗಳಲ್ಲಿ ಅಧ್ಯಾಪನ ಮಾಡಿ ೧೯೪೮ರಲ್ಲಿ ಹಾರ್ವರ್ಡಿಗೆ ಮರಳಿದರು.

ತರಗತಿಯ ಕುರಿತು

೧೯೫೩ರ ನವೆಂಬರಿನಲ್ಲಿ ಸ್ಕಿನ್ನರ್ ತಮ್ಮ ಕಿರಿಯ ಮಗಳ ನಾಲ್ಕನೆಯ ತರಗತಿಯ ಗಣಿತದ ಪಾಠವನ್ನು ನೋಡಲು ಹೋದರು. ಕೆಲವು ಮಕ್ಕಳು ಲೆಕ್ಕ ಮುಗಿಸಿ ಸುಮ್ಮನೆ ಕುಳಿತಿದ್ದರು, ಕೆಲವರು ಮೊದಲ ಲೆಕ್ಕದಲ್ಲೇ ತಿಣುಕುತ್ತಿದ್ದರು. ತಮ್ಮ ಉತ್ತರ ಸರಿಯೋ ತಪ್ಪೋ ಎಂಬುದು ಆ ಕ್ಷಣದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಪ್ರಯೋಗಾಲಯದ ಪಾರಿವಾಳಕ್ಕೆ ತಕ್ಷಣ ದೊರೆಯುವ ಪುನರ್ಬಲನ ಇಲ್ಲಿ ಮಕ್ಕಳಿಗೆ ದೊರೆಯುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಬೋಧನಾ ಯಂತ್ರವೊಂದರ ಮಾದರಿಯನ್ನು ಸಿದ್ಧಪಡಿಸಿದರು. ಸಿಡ್ನಿ ಪ್ರೆಸ್ಸಿ ೧೯೨೦ರ ದಶಕದಲ್ಲೇ ಇಂತಹ ಸಾಧನವನ್ನು ರಚಿಸಿದ್ದರು. ಆದರೆ ಅದರಲ್ಲಿ ಕೊಟ್ಟ ಉತ್ತರಗಳಿಂದ ಒಂದನ್ನು ಆರಿಸಬೇಕಿತ್ತು. ಸ್ಕಿನ್ನರರ ಯಂತ್ರದಲ್ಲಿ ಮಗು ಉತ್ತರವನ್ನು ತಾನೇ ರಚಿಸಿ, ತನ್ನದೇ ವೇಗದಲ್ಲಿ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮುಂದುವರಿಯುತ್ತಿತ್ತು.

೧೯೬೮ರಲ್ಲಿ ಪ್ರಕಟವಾದ 'ದಿ ಟೆಕ್ನಾಲಜಿ ಆಫ್ ಟೀಚಿಂಗ್' ಈ ವಿಚಾರಗಳ ಸಂಗ್ರಹ. ಬೆತ್ತ ಮರೆಯಾದರೂ ಬೈಗುಳ, ಅಪಹಾಸ್ಯ, ಕಡಿಮೆ ಅಂಕದ ಬೆದರಿಕೆಗಳು ಅದರ ಸ್ಥಾನವನ್ನು ತುಂಬಿವೆ ಎಂಬುದು ಅವರ ಆಕ್ಷೇಪ. ಶಿಕ್ಷೆ ವರ್ತನೆಯನ್ನು ತಾತ್ಕಾಲಿಕವಾಗಿ ಅಡಗಿಸುತ್ತದೆ, ಹೊಸದನ್ನು ಕಲಿಸುವುದಿಲ್ಲ. ಮಗು ಶಾಲೆ ತಪ್ಪಿಸಿಕೊಳ್ಳುತ್ತದೆ ಅಥವಾ ಕುಳಿತಲ್ಲೇ ಗಮನ ಬೇರೆಡೆಗೆ ಹರಿಸುತ್ತದೆ. ಹೆಚ್ಚುವರಿ ಮನೆಗೆಲಸವನ್ನು ಶಿಕ್ಷೆಯಾಗಿ ಕೊಟ್ಟರೆ ಓದೇ ಶಿಕ್ಷೆಯಾಗಿ ಕಾಣುತ್ತದೆ ಎಂದೂ ಅವರು ಎಚ್ಚರಿಸಿದರು. ಅದೇ ವರ್ಷ ಇಲಿನಾಯ್‌ನ ವೆಸ್ಲಿ ಬೆಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ನಿಯಮಗಳನ್ನು ಹೇಳಿದ ಮಾತ್ರಕ್ಕೆ ತರಗತಿಯ ಗಲಾಟೆ ಅಷ್ಟಾಗಿ ತಗ್ಗಲಿಲ್ಲ. ಗಲಾಟೆಯನ್ನು ಉಪೇಕ್ಷಿಸಿ ಒಳ್ಳೆಯ ವರ್ತನೆಯನ್ನು ಮೆಚ್ಚಿದಾಗ ತಗ್ಗಿತು.

ವಿಮರ್ಶೆ

ಭಾಷಾಕಲಿಕೆಯ ಕುರಿತ ಅವರ ವಿವರಣೆಯನ್ನು ನೋಮ್ ಚಾಮ್‌ಸ್ಕಿ ೧೯೫೯ರಲ್ಲಿ ತೀವ್ರವಾಗಿ ಖಂಡಿಸಿದರು. ಶಿಕ್ಷಕರು ಹೆಚ್ಚು ಯೋಚಿಸಬೇಕಾದದ್ದು ಮತ್ತೊಂದು ಟೀಕೆಯನ್ನು. ೧೯೭೩ರ ಪ್ರಯೋಗವೊಂದರಲ್ಲಿ, ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಯಿಸಿದಾಗ, ನಂತರದಲ್ಲಿ ಅವರ ಆಸಕ್ತಿಯೇ ಕುಗ್ಗಿತು. ಆದರೆ ಸ್ಕಿನ್ನರರು ಮಿಠಾಯಿ, ಪದಕಗಳನ್ನು ಗುರಿಯಾಗಿ ಭಾವಿಸಿರಲಿಲ್ಲ. ಸರಿಯುತ್ತರ ದೊರೆತ ತೃಪ್ತಿಯೇ ಸಾಕಾಗುವಂತೆ ಪಾಠವನ್ನು ಹೆಣೆಯಬೇಕೆಂಬುದು ಅವರ ನಿಲುವಾಗಿತ್ತು.

ಕೊನೆಯ ದಿನಗಳು

೧೯೭೪ರಲ್ಲಿ ನಿವೃತ್ತರಾದ ಮೇಲೂ ಬರವಣಿಗೆ ಮುಂದುವರಿಸಿದರು. ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದರೂ ೧೯೯೦ರ ಆಗಸ್ಟ್ ೧೦ರಂದು ಅಮೆರಿಕದ ಮನೋವಿಜ್ಞಾನ ಸಂಘದ ಗೌರವವನ್ನು ಸ್ವೀಕರಿಸಿ ಭಾಷಣ ಮಾಡಿದರು. ಎಂಟು ದಿನಗಳ ನಂತರ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ನಿಧನರಾದರು.