ಸಂತ ಅಗಸ್ಟೀನ್: ದೀಕ್ಷಾಸ್ನಾನದ ನಂತರವೂ ಪಶ್ಚಾತ್ತಾಪ

ಪ್ರತಿ ವರ್ಷ ಆಗಸ್ಟ್ 28ರಂದು ಧರ್ಮಸಭೆಯು ಸಂತ ಅಗಸ್ಟೀನರ ಹಬ್ಬವನ್ನು ಆಚರಿಸುತ್ತದೆ. ವಿಶ್ವಾಸ, ಪಶ್ಚಾತ್ತಾಪ ಮತ್ತು ದೀಕ್ಷಾಸ್ನಾನ ಇವು ಮೂರೂ ನಮ್ಮ ರಕ್ಷಣೆಯಲ್ಲಿ ಹೇಗೆ ಬೆಸೆದುಕೊಂಡಿವೆ ಎಂಬುದಕ್ಕೆ ಅವರ ಜೀವನವೇ ಸಾಕ್ಷಿ.

ಅಗಸ್ಟೀನರು ಕ್ರಿ.ಶ. 354ರ ನವೆಂಬರ್ 13ರಂದು ಉತ್ತರ ಆಫ್ರಿಕಾದ ಥಾಗಸ್ತೆ ಪಟ್ಟಣದಲ್ಲಿ ಜನಿಸಿದರು. ಈ ಊರು ಇಂದಿನ ಅಲ್ಜೀರಿಯಾದಲ್ಲಿದೆ. ತಾಯಿ ಸಂತ ಮೋನಿಕಾ ದೈವಭಕ್ತೆ. ತಂದೆ ಪೆಟ್ರೀಷಿಯಸ್ ದೀಕ್ಷಾಸ್ನಾನ ಪಡೆದದ್ದು ಬದುಕಿನ ಕೊನೆಗಾಲದಲ್ಲಿ. ಬಾಲ್ಯದಲ್ಲಿ ಒಮ್ಮೆ ಹೊಟ್ಟೆನೋವಿನಿಂದ ಸಾಯುವ ಸ್ಥಿತಿ ಬಂದಾಗ ಅಗಸ್ಟೀನರು ತಾವಾಗಿಯೇ ದೀಕ್ಷಾಸ್ನಾನ ಬೇಡಿದರು. ತಾಯಿ ಸಿದ್ಧತೆ ನಡೆಸುತ್ತಿದ್ದಾಗಲೇ ಕಾಯಿಲೆ ವಾಸಿಯಾಯಿತು, ಸಂಸ್ಕಾರವನ್ನು ಮುಂದೂಡಲಾಯಿತು. ದೀಕ್ಷಾಸ್ನಾನದ ನಂತರ ಮಾಡುವ ಪಾಪ ಹೆಚ್ಚು ಘೋರವೆಂಬ ಅಂಜಿಕೆಯಿಂದ ಆ ಕಾಲದಲ್ಲಿ ಅನೇಕರು ಹೀಗೆ ಮಾಡುತ್ತಿದ್ದರು. ಈ ವಿಳಂಬ ತಮ್ಮನ್ನು ಪಾಪದಿಂದ ಕಾಪಾಡಲಿಲ್ಲ, ಪಾಪಕ್ಕೆ ಸಲಿಗೆ ಕೊಟ್ಟಿತು ಎಂದು ಅವರು ಮುಂದೆ ಮರುಗಿದರು.

ಕಾರ್ತೇಜಿನಲ್ಲಿ ಓದುವಾಗ ಅವರು ವಿವಾಹವಿಲ್ಲದೆ ಒಬ್ಬ ಮಹಿಳೆಯೊಡನೆ ಬಾಳಿದರು. ಅದೇಯೋದಾತ ಎಂಬ ಮಗ ಹುಟ್ಟಿದನು. ಸುಮಾರು ಒಂಬತ್ತು ವರ್ಷ ಮಾನಿ ಪಂಥವನ್ನು ಅನುಸರಿಸಿದರು. 384ರಲ್ಲಿ ಭಾಷಣಕಲೆಯ ಶಿಕ್ಷಕರಾಗಿ ಮಿಲಾನ್ ನಗರಕ್ಕೆ ಬಂದ ಮೇಲೆ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪ್ರಬೋಧನೆಗಳು ಅವರ ಸಂಶಯಗಳನ್ನು ಒಂದೊಂದಾಗಿ ಬಿಡಿಸಿದವು.

ಬುದ್ಧಿ ಒಪ್ಪಿದರೂ ಮನಸ್ಸು ಹಳೆಯ ಬದುಕನ್ನು ಬಿಡಲಿಲ್ಲ. ಆಗ ಸಿಂಪ್ಲಿಸಿಯಾನುಸ್ ಎಂಬ ಯಾಜಕರು ರೋಮಿನ ವಿದ್ವಾಂಸ ವಿಕ್ಟೋರಿನುಸರ ವಿಷಯ ತಿಳಿಸಿದರು. ತಾನು ಮನಸ್ಸಿನಲ್ಲಿ ಕ್ರೈಸ್ತನೇ, ಅಷ್ಟು ಸಾಕು ಎಂದು ಆ ವಿದ್ವಾಂಸರು ಬಹುಕಾಲ ಭಾವಿಸಿದ್ದರು. ಕೊನೆಗೆ ಲಜ್ಜೆ ಬಿಟ್ಟು ಎಲ್ಲರೆದುರು ವಿಶ್ವಾಸ ಪ್ರಕಟಿಸಿ ದೀಕ್ಷಾಸ್ನಾನ ಪಡೆದರು. ಈ ಸಂಗತಿ ಅಗಸ್ಟೀನರನ್ನು ಕದಲಿಸಿತು.

386ರ ಬೇಸಿಗೆಯಲ್ಲಿ ಒಂದು ತೋಟದಲ್ಲಿ ಕಣ್ಣೀರಿಡುತ್ತಿದ್ದಾಗ ಅವರು ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದ ಕೊನೆಯ ಸಾಲುಗಳನ್ನು ಓದಿದರು. ಕತ್ತಲು ಸರಿಯಿತು. ಆದರೂ ತಾನು ಬದಲಾದೆ, ಇನ್ನು ಸಂಸ್ಕಾರವೇಕೆ ಎಂದು ಸುಮ್ಮನಾಗಲಿಲ್ಲ. ಹುದ್ದೆ ತೊರೆದು, ಇತರ ದೀಕ್ಷಾರ್ಥಿಗಳಂತೆ ಹೆಸರು ಕೊಟ್ಟು, 387ರ ಪಾಸ್ಖ ಜಾಗರಣೆಯಂದು ಮಗ ಅದೇಯೋದಾತ ಹಾಗೂ ಗೆಳೆಯ ಅಲಿಪಿಯುಸರೊಂದಿಗೆ ಅಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದರು. ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ್ದ ತಾಯಿ ಅದೇ ವರ್ಷ ಓಸ್ತಿಯಾದಲ್ಲಿ ನೆಮ್ಮದಿಯಿಂದ ಕಣ್ಮುಚ್ಚಿದರು.

391ರಲ್ಲಿ ಹಿಪ್ಪೊ ನಗರದಲ್ಲಿ ಯಾಜಕರಾಗಿ, ಕೆಲವೇ ವರ್ಷಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರಾಗಿ ಅವರು ಸೇವೆ ಸಲ್ಲಿಸಿದರು. ಸಂಸ್ಕಾರ ಕೊಡುವಾತನ ಯೋಗ್ಯತೆಯಿಂದ ದೀಕ್ಷಾಸ್ನಾನ ಸಿಂಧುವಾಗುವುದಿಲ್ಲ, ಅದರಲ್ಲಿ ಕಾರ್ಯ ಮಾಡುವವರು ಕ್ರಿಸ್ತರೇ ಎಂದು ದೊನಾತಿಸ್ಟರ ವಿರುದ್ಧ ವಾದಿಸಿದರು. ವಿಶ್ವಾಸದ ಮೊದಲ ಹೆಜ್ಜೆಯೂ ದೇವರ ಕೃಪೆಯೇ ಎಂದು ಬೋಧಿಸಿದರು.

430ರಲ್ಲಿ ವ್ಯಾಂಡಲರು ಹಿಪ್ಪೊವನ್ನು ಮುತ್ತಿದ್ದಾಗ ಅವರು ಜ್ವರದಿಂದ ಹಾಸಿಗೆ ಹಿಡಿದರು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ಅಂಟಿಸಿಕೊಂಡು, ಅವನ್ನು ಓದುತ್ತಾ ಅಳುತ್ತಿದ್ದರು. ದೀಕ್ಷಾಸ್ನಾನವಾಗಿ 43 ವರ್ಷಗಳು ಕಳೆದಿದ್ದವು. ಎಷ್ಟೇ ಒಳ್ಳೆಯ ಕ್ರೈಸ್ತನಾದರೂ ಪಶ್ಚಾತ್ತಾಪಪಡದೆ ಈ ಲೋಕ ಬಿಡಬಾರದು ಎಂಬುದು ಅವರ ನಿಲುವಾಗಿತ್ತು. ಅವರು ಆಗಸ್ಟ್ 28ರಂದು ಪ್ರಭುವಿನಲ್ಲಿ ನಿದ್ರಿಸಿದರು.

ನಮ್ಮಲ್ಲಿ ಹೆಚ್ಚಿನವರು ಎಳೆಗೂಸಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರು. ಅಗಸ್ಟೀನರು ಮೂವತ್ತೆರಡು ವರ್ಷ ಕಾದು ಪಡೆದ ವರ ನಮಗೆ ಕೇಳುವ ಮೊದಲೇ ದೊರೆತಿದೆ. ಅದನ್ನು ಪ್ರತಿದಿನದ ಪಶ್ಚಾತ್ತಾಪದಿಂದಲೂ ಪಾಪನಿವೇದನೆಯ ಸಂಸ್ಕಾರದಿಂದಲೂ ಜೀವಂತವಾಗಿಡುವುದು ನಮ್ಮ ಹೊಣೆ.