ಕಲ್ಲಿದ್ದಲು ವ್ಯಾಪಾರಿಯ ಮಗ

ನಮ್ಮ ಶಾಲೆ ಮತ್ತು ಧರ್ಮಕೇಂದ್ರಗಳಲ್ಲಿ ವೈ.ಸಿ.ಎಸ್. ಸಂಘದ ಸದಸ್ಯರಾಗಿದ್ದವರಿಗೆಲ್ಲ ನೋಡು, ವಿವೇಚಿಸು, ಕಾರ್ಯಗೈ ಎಂಬ ಮೂರು ಹೆಜ್ಜೆಗಳು ಬಾಯಿಪಾಠ. ಅದನ್ನು ಕಲಿಸಿಕೊಟ್ಟವರು ಬೆಲ್ಜಿಯಂ ದೇಶದ ಕಾರ್ಡಿನಲ್ ಜೋಸೆಫ್ ಕಾರ್ಡೈನ್ ಎಂಬುದೂ ಹಲವರಿಗೆ ಗೊತ್ತು. ಆದರೆ ಆ ಮೂರು ಹೆಜ್ಜೆಗಳು ಯಾವುದೋ ಗ್ರಂಥಾಲಯದಲ್ಲಿ ಹುಟ್ಟಿದವಲ್ಲ. ಅವುಗಳ ಬೇರು ಒಂದು ಚಿಕ್ಕ ಊರಿನ ಬೀದಿಯಲ್ಲಿದೆ, ಅಲ್ಲಿ ಕಳೆದುಹೋದ ಕೆಲವು ಗೆಳೆಯರ ನೆನಪಿನಲ್ಲಿದೆ.

ಜೋಸೆಫ್ ಹುಟ್ಟಿದ್ದು 1882ರ ನವೆಂಬರ್ 13ರಂದು, ರಾಜಧಾನಿ ಬ್ರಸೆಲ್ಸ್‌ಗೆ ಸೇರಿಕೊಂಡಂತಿರುವ ಸ್ಕಾರ್ಬೇಕ್‌ನಲ್ಲಿ. ಆದರೆ ಅವನ ಬಾಲ್ಯ ಕಳೆದದ್ದು ಹಾಲ್ಲೆ ಎಂಬ ಊರಿನಲ್ಲಿ, ಮೊದಲಿಗೆ ಅಜ್ಜ-ಅಜ್ಜಿಯ ಆಸರೆಯಲ್ಲಿ, ಬಳಿಕ ತಂದೆತಾಯಿಯ ಜೊತೆಯಲ್ಲಿ. ಬ್ರಸೆಲ್ಸ್‌ನ ದಕ್ಷಿಣಕ್ಕಿರುವ ಹಾಲ್ಲೆ ಬಹು ಹಿಂದಿನಿಂದಲೂ ಯಾತ್ರಾಸ್ಥಳ. ಅಲ್ಲಿನ ಮಹಾದೇವಾಲಯದಲ್ಲಿ ಕಪ್ಪು ಬಣ್ಣದ ಮಾತೆ ಮರಿಯಳ ಪ್ರತಿಮೆಯಿದೆ. ಶತ್ರುಗಳು ಊರನ್ನು ಮುತ್ತಿದಾಗ ಫಿರಂಗಿ ಗುಂಡುಗಳನ್ನು ಮಾತೆಯೇ ತನ್ನ ಮಡಿಲಲ್ಲಿ ಹಿಡಿದಳು, ಆ ಮದ್ದಿನ ಹೊಗೆಗೆ ಕಪ್ಪಾದಳು ಎಂದು ಜನ ನಂಬುತ್ತಾ ಬಂದಿದ್ದಾರೆ. ಗುಂಡುಗಳನ್ನು ಇಂದಿಗೂ ದೇವಾಲಯದಲ್ಲಿ ಕಾಣಬಹುದು. ಇಂತಹ ಕಥೆ ಕೇಳುತ್ತಾ ಬೆಳೆಯುವ ಮಗುವಿಗೆ ಊರಿನ ಮೇಲೆ ಹೆಮ್ಮೆ ಮೂಡದೆ ಇರುತ್ತದೆಯೇ?

ಅದೇ ಊರಿನ ಪಕ್ಕದಲ್ಲೇ ಬ್ರಸೆಲ್ಸ್‌ನಿಂದ ಶಾರ್ಲೆರ್ವಾ ಗಣಿ ಪ್ರದೇಶಕ್ಕೆ ಹೋಗುವ ಕಾಲುವೆಯೂ ಹರಿಯುತ್ತದೆ. ಯಾತ್ರಿಕರ ಊರು ದುಡಿಯುವವರ ಊರೂ ಆಗಿತ್ತು. ಅಂದಿನ ಬೆಲ್ಜಿಯಂ ಯುರೋಪಿನಲ್ಲೇ ಮುಂದುವರಿದ ಕೈಗಾರಿಕಾ ದೇಶ. ಕಾರ್ಖಾನೆಗಳ ಸಿರಿಯೆಲ್ಲ ಕೆಲವರ ಪಾಲಿಗೆ, ದುಡಿತ ಉಳಿದವರ ಪಾಲಿಗೆ. ಹನ್ನೆರಡು ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಕಾರ್ಖಾನೆಯ ಕೆಲಸಕ್ಕೆ ಹಚ್ಚಬಾರದೆಂಬ ಕಾನೂನು ಬಂದದ್ದೇ 1889ರಲ್ಲಿ. ಹನ್ನೆರಡು ತುಂಬಿದ ಹುಡುಗನನ್ನು ಆ ಕಾನೂನಿನ ಪ್ರಕಾರವೇ ದಿನಕ್ಕೆ ಹನ್ನೆರಡು ಗಂಟೆ ದುಡಿಸಬಹುದಿತ್ತು! ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ಕಾಯಿದೆ 1914ರವರೆಗೂ ಬರಲಿಲ್ಲ.

ತಂದೆ ಹೆನ್ರಿ ಕಾರ್ಡೈನ್ ಮೊದಲು ಕುದುರೆಗಾಡಿ ಹೊಡೆಯುತ್ತಿದ್ದರು, ಬಳಿಕ ಕಲ್ಲಿದ್ದಲಿನ ಸಣ್ಣ ವ್ಯಾಪಾರ ಹಿಡಿದರು. ಅವರಿಗೆ ಓದುಬರಹ ಅಷ್ಟಾಗಿ ತಿಳಿಯದು. ತಾಯಿ ಲೂಯಿಸ್ ಕಥೆ ಹೇಳುವುದರಲ್ಲಿ ಜಾಣೆ. ಸಂಜೆ ಒಲೆಯ ಬಳಿ ಮಕ್ಕಳನ್ನು ಕೂರಿಸಿಕೊಂಡು ಪವಿತ್ರ ಗ್ರಂಥದ ಕಥೆಗಳನ್ನು ಹೇಳುತ್ತಿದ್ದರು. ಕಾರ್ಡೈನ್ ದೊಡ್ಡವರಾದ ಮೇಲೂ ಆ ಒಲೆಯ ಬಿಸಿಯನ್ನು ಮರೆಯಲಿಲ್ಲ. ಮರೆಯದ ಇನ್ನೊಂದು ನೆನಪು ನಸುಕಿನದು: ಇನ್ನೂ ಕತ್ತಲೆ ಇರುವಾಗಲೇ ಮನೆಯ ಮುಂದಿನ ಬೀದಿಯಲ್ಲಿ ಕೆಲಸಗಾರರು ಕಾರ್ಖಾನೆಗೆ ನಡೆದುಹೋಗುವುದು, ಅವರ ನಡುವೆ ತನಗಿಂತ ಸ್ವಲ್ಪವೇ ದೊಡ್ಡವರಾದ ಮಕ್ಕಳೂ ಇರುವುದು. ಒಲೆಯ ಮುಂದಿನ ಸಂಜೆಯೂ ಆ ನಸುಕೂ ಒಂದೇ ಮನೆಯ ನೆನಪುಗಳು. ಅವರ ಜೀವನವನ್ನು ಅರ್ಥಮಾಡಿಕೊಳ್ಳಲು ಈ ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳಬೇಕು.

ಶಾಲೆ ಮುಗಿಯುವ ವಯಸ್ಸು ಬಂತು. ಜೊತೆಯ ಹುಡುಗರು ಒಬ್ಬೊಬ್ಬರಾಗಿ ಕಾರ್ಖಾನೆ ಸೇರಿದರು. ಜೋಸೆಫ್‌ನದೂ ಅದೇ ದಾರಿ ಎಂದು ಮನೆಯಲ್ಲಿ ತೀರ್ಮಾನವಾದಂತೆಯೇ ಇತ್ತು. ಹಿರಿಯ ಮಗ ದುಡಿಯತೊಡಗಿದರೆ ತಂದೆಯ ಹೆಗಲಿನ ಭಾರ ಇಳಿಯುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಒಂದು ರಾತ್ರಿ ತಮ್ಮ ತಂಗಿಯರು ಮಲಗಿದ ಮೇಲೆ ಅವನು ಬರಿಗಾಲಲ್ಲಿ ಮೆಲ್ಲನೆ ಮೆಟ್ಟಿಲಿಳಿದು ಅಡಿಗೆಮನೆಗೆ ಬಂದ. ತಂದೆ ಒಲೆಯ ಪಕ್ಕದಲ್ಲಿ ಕುಳಿತಿದ್ದರು, ತಾಯಿ ಅಲ್ಲೇ ಇದ್ದರು. ತಾನು ಇನ್ನೂ ಓದಬೇಕು, ಗುರುವಾಗಬೇಕು ಎಂದು ಹುಡುಗ ಹೇಳಿದ. ದಣಿದಿದ್ದ ತಂದೆಯ ಮುಖ ಬಿಳಿಚಿತು, ಕಣ್ಣಲ್ಲಿ ನೀರು ಬಂತು. ಕೊನೆಗೆ ಅವರು ಪತ್ನಿಯ ಕಡೆ ತಿರುಗಿ, ನಾವು ಇದುವರೆಗೆ ಬೇಕಾದಷ್ಟು ದುಡಿದಿದ್ದೇವೆ, ಆದರೂ ಈ ಭಾಗ್ಯ ನಮ್ಮ ಮನೆಗೆ ಬರುವುದಾದರೆ ಇನ್ನೂ ಹೆಚ್ಚು ದುಡಿಯೋಣ ಎಂಬ ಅರ್ಥದ ಮಾತನ್ನಾಡಿದರು. ಮಗನ ಮೇಲೆ ಪ್ರೀತಿ ಇದೆಯೆಂದು ಹೇಳುವ ತಂದೆಯರು ಬಹಳ. ಮುದಿವಯಸ್ಸಿನ ವಿಶ್ರಾಂತಿಯನ್ನು ಮಗನಿಗಾಗಿ ಹೀಗೆ ಒಂದೇ ಮಾತಿನಲ್ಲಿ ಬಿಟ್ಟುಕೊಡುವವರು ಎಷ್ಟು ಮಂದಿ?

1897ರಲ್ಲಿ ಜೋಸೆಫ್ ಮೆಖೆಲೆನ್‌ನ ಕಿರಿಯ ಗುರುಮಠ ಸೇರಿದ. ರಜೆ ಬಂದಾಗ ಊರಿಗೆ ಓಡೋಡಿ ಬಂದ. ಹಳೆಯ ಗೆಳೆಯರನ್ನು ಕಾಣುವ ಆತುರ. ಕಂಡದ್ದೇನು? ಶಾಲೆಯಲ್ಲಿ ತನಗಿಂತ ಚುರುಕಾಗಿದ್ದ, ಧರ್ಮೋಪದೇಶದ ತರಗತಿಯಲ್ಲಿ ತನಗಿಂತ ಚೆನ್ನಾಗಿ ಉತ್ತರಿಸುತ್ತಿದ್ದ ಹುಡುಗರು ಕೆಲವೇ ತಿಂಗಳಲ್ಲಿ ಬೇರೆಯೇ ಆಗಿದ್ದರು. ಮಾತು ಒರಟಾಗಿತ್ತು, ದೇವಾಲಯದ ಕಡೆ ಮುಖ ಹಾಕುತ್ತಿರಲಿಲ್ಲ. ಅದಕ್ಕಿಂತ ನೋವಿನ ಸಂಗತಿ, ಅವನನ್ನು ಕಂಡು ಮುಖ ತಿರುಗಿಸಿದರು. ಗುರುಮಠದ ಉಡುಪು ತೊಟ್ಟವನು ಅವರ ಕಣ್ಣಿಗೆ ಧಣಿಗಳ ಪಕ್ಷ ಸೇರಿದವನಾಗಿ ಕಂಡ. ನಿನ್ನೆಯವರೆಗೆ ಒಟ್ಟಿಗೆ ಆಡಿದವರು ಇಂದು ಅವನನ್ನು ಎದುರಾಳಿ ಎಂದು ಎಣಿಸಿದರು.

ಇಂತಹ ಅವಮಾನ ಅನುಭವಿಸಿದ ಹದಿಹರೆಯದ ಹುಡುಗ ಏನು ಮಾಡುತ್ತಾನೆ? ಸಾಮಾನ್ಯವಾಗಿ ಅವರನ್ನು ಕೆಟ್ಟವರೆಂದು ತೀರ್ಮಾನಿಸಿ ದೂರವಾಗುತ್ತಾನೆ. ಅಂದಿನ ಎಷ್ಟೋ ಬೋಧಕರು ಮಾಡುತ್ತಿದ್ದುದೂ ಅದನ್ನೇ. ಜೋಸೆಫ್ ತನ್ನ ಗೆಳೆಯರನ್ನು ಬಲ್ಲವನಾಗಿದ್ದರಿಂದ ಹಾಗೆ ನಂಬಲಾರದೆ ಹೋದ. ಒಳ್ಳೆಯ ಮಕ್ಕಳನ್ನು ಕಾರ್ಖಾನೆಯೊಳಗಿನ ಬದುಕು ಹೀಗೆ ಮಾಡಿದೆ, ಹದಿಮೂರನೆಯ ವಯಸ್ಸಿನಲ್ಲಿ ಅವರನ್ನು ಒಂಟಿಯಾಗಿ ಅಲ್ಲಿಗೆ ಕಳುಹಿಸಿ ಧರ್ಮಸಭೆ ಹಿಂತಿರುಗಿ ನೋಡಲಿಲ್ಲ ಎಂದು ಅವನಿಗೆ ಅನ್ನಿಸಿತು. ಪೋಪ್ ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಸ್ಥಿತಿಯ ಕುರಿತು 1891ರಲ್ಲೇ ವಿಶ್ವಪತ್ರ ಹೊರಡಿಸಿದ್ದರು. ಆದರೆ ಪತ್ರ ರೋಮಿನಿಂದ ಹಾಲ್ಲೆಯ ಬೀದಿಗೆ ಬಂದು ಮುಟ್ಟಬೇಕಲ್ಲ!

1903ರಲ್ಲಿ ತಂದೆ ತೀರಿಕೊಂಡರು. ಜೋಸೆಫ್‌ಗೆ ಆಗ ಇಪ್ಪತ್ತು ವರ್ಷ. ಮಗನ ಓದಿಗಾಗಿ ಮೈಮುರಿದು ದುಡಿದ ಆ ದೇಹದ ಪಕ್ಕದಲ್ಲಿ ನಿಂತು, ತನ್ನ ಜೀವನವನ್ನು ದುಡಿಯುವ ಜನರಿಗೇ ಮುಡಿಪಾಗಿಡುವೆನೆಂದು ಅವನು ಪ್ರತಿಜ್ಞೆ ಮಾಡಿದ. ಮಗನ ಗುರುದೀಕ್ಷೆಯನ್ನು ಕಾಣುವ ಭಾಗ್ಯ ಆ ತಂದೆಗೆ ದೊರೆಯಲಿಲ್ಲ. ಅದು ನಡೆದದ್ದು 1906ರ ಸೆಪ್ಟೆಂಬರ್ 22ರಂದು.

ಮುಂದಿನದು ಬಹಳ ಮಂದಿ ಬರೆದಿರುವ ಚರಿತ್ರೆ, ಚುಟುಕಾಗಿ ಹೇಳಿದರೆ ಸಾಕು. ಲೂವೇನ್ ವಿಶ್ವವಿದ್ಯಾಲಯದಲ್ಲಿ ಸಮಾಜ ಶಾಸ್ತ್ರದ ಅಧ್ಯಯನ, ಕೆಲ ವರ್ಷ ಶಿಕ್ಷಕ ವೃತ್ತಿ, 1912ರಲ್ಲಿ ಬ್ರಸೆಲ್ಸ್ ಬಳಿಯ ಲಾಕೆನ್‌ನಲ್ಲಿ ಸಹಾಯಕ ಗುರು. ಅಲ್ಲಿ ಅವರು ಮೊದಲು ಹುಡುಕಿಕೊಂಡು ಹೋದದ್ದು ಹೊಲಿಗೆ ಕೆಲಸದ ಹುಡುಗಿಯರನ್ನು ಮತ್ತು ಕಾರ್ಖಾನೆಯ ಹುಡುಗರನ್ನು. ಸೇರಿಸಿ ಭಾಷಣ ಮಾಡಲಿಲ್ಲ. ದಿನಕ್ಕೆ ಎಷ್ಟು ಗಂಟೆ ಕೆಲಸ, ಕೂಲಿ ಎಷ್ಟು, ಮೇಸ್ತ್ರಿ ಹೇಗೆ ನಡೆಸಿಕೊಳ್ಳುತ್ತಾನೆ ಎಂದು ಕೇಳಿದರು. ಹಾಲ್ಲೆಯ ಗೆಳೆಯರನ್ನು ಯಾರೂ ಕೇಳದೆ ಹೋದ ಪ್ರಶ್ನೆಗಳವು. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ವಿಧಿವತ್ತಾಗಿ ಆರಂಭವಾಯಿತು. ಎರಡು ಮಹಾಯುದ್ಧಗಳಲ್ಲೂ ಜರ್ಮನರು ಅವರನ್ನು ಸೆರೆಗೆ ತಳ್ಳಿದರು. ಮೊದಲ ದಿನಗಳಿಂದ ಜೊತೆಗಿದ್ದ ಫೆರ್ನಾಂ ಟೊನೆ ಮತ್ತು ಪೌಲ್ ಗಾರ್ಸೆ 1945ರಲ್ಲಿ ಡಾಖಾವ್ ಶಿಬಿರದಲ್ಲಿ ಪ್ರಾಣಬಿಟ್ಟರು. 1957ರಲ್ಲಿ ಸುಮಾರು 32,000 ಯುವ ಕಾರ್ಮಿಕರು ರೋಮಿನಲ್ಲಿ ಸೇರಿದರು. ವಿದ್ಯಾರ್ಥಿಗಳ ವೈ.ಸಿ.ಎಸ್. ಮೊಳೆತದ್ದೂ ಈ ಬೇರಿನಿಂದಲೇ.

ಇಷ್ಟೆಲ್ಲ ಆದರೂ ಕಾರ್ಡೈನ್ ದೇಶದೇಶಗಳ ಸಭೆಗಳಲ್ಲಿ ನಿಂತು ಮತ್ತೆ ಮತ್ತೆ ಹೇಳುತ್ತಿದ್ದದ್ದು ಆ ಅಡಿಗೆಮನೆಯ ರಾತ್ರಿಯನ್ನು, ಮುಖ ತಿರುಗಿಸಿದ ಗೆಳೆಯರನ್ನು, ತಂದೆಯ ಮರಣಶಯ್ಯೆಯನ್ನು. ಕೇಳಿದವರಿಗೆ ಅದು ಎಷ್ಟನೆಯ ಸಲವೋ, ಹೇಳುವವರಿಗೆ ಮಾತ್ರ ನಿನ್ನೆ ನಡೆದಂತೆ. ಹುಟ್ಟೂರಿನ ನೆನಪು ಎಂದರೆ ನಮಗೆ ಹಬ್ಬ, ತಿಂಡಿ, ತೇರು. ಅವರಿಗೂ ಅವೆಲ್ಲ ಇದ್ದಿರಬೇಕು. ಆದರೆ ಆ ಸವಿಯಲ್ಲೇ ನಿಲ್ಲಲು ಅವರಿಗೆ ಆಗಲಿಲ್ಲ.

1965ರ ಫೆಬ್ರುವರಿಯಲ್ಲಿ ಪೋಪ್ ಆರನೆಯ ಪೌಲ್ ಅವರು ಎಂಬತ್ತೆರಡರ ಈ ಗುರುವನ್ನು ಕಾರ್ಡಿನಲ್ ಪದವಿಗೆ ಏರಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ ಅವರೂ ಕುಳಿತರು. 1967ರ ಜುಲೈ 24ರಂದು ಲೂವೇನ್‌ನಲ್ಲಿ ನಿಧನರಾದರು. ಅವರನ್ನು ಧನ್ಯರೆಂದು ಘೋಷಿಸುವ ವಿಚಾರಣೆ 2014ರಲ್ಲಿ ಬ್ರಸೆಲ್ಸ್‌ನಲ್ಲಿ ಆರಂಭವಾಯಿತು. ಸಮಾಧಿ ಇರುವುದು ಅವರು ಹೊಲಿಗೆಯ ಹುಡುಗಿಯರನ್ನು ಹುಡುಕುತ್ತಾ ಅಲೆದಾಡಿದ ಲಾಕೆನ್‌ನ ಮಾತೆ ಮರಿಯಳ ದೇವಾಲಯದಲ್ಲಿ. ಬೆಲ್ಜಿಯಂನ ರಾಜರನ್ನು ಹೂಳುವುದೂ ಅದೇ ದೇವಾಲಯದ ನೆಲಮಾಳಿಗೆಯಲ್ಲಿ.